ಅಲೆಯುವುದು, ಅಲೆಸುವುದು

ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ದಾಟಿದ ಮೇಲೆ ಯಡಿಯೂರು ಸಿಗುತ್ತದೆ. ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಾ ಬಸ್ಸುಗಳಲ್ಲಿ ಎಷ್ಟೋ ಬಸ್ಸುಗಳು ಇಲ್ಲಿ ಕಾಫಿಗೆಂದು ಹತ್ತು ನಿಮಿಷ ನಿಲ್ಲುತ್ತವೆ. ಯಡಿಯೂರು ತೋಂಟದ ಸಿದ್ಧಲಿಂಗ ಯತಿಗಳ ಕ್ಷೇತ್ರ. ಸಮೀಪದ ಕಗ್ಗೆರೆಯಲ್ಲಿ ಅವರು ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ತಪಸ್ಸಿಗೆ ಕುಳಿತಿದ್ದರೆಂದು ವೀರಶೈವ ಭಕ್ತರು ಹೇಳುತ್ತಾರೆ. ಬಸ್ಸು ಮುಂದೆ ಹೋಗಿ ತಲುಪುವ ವಿಂಧ್ಯಗಿರಿಯ ಮೇಲೆ ಒಂದು ಸಂವತ್ಸರ ಅಲುಗದೆ ನಿಂತ ಬಾಹುಬಲಿ ಸ್ವಾಮಿಯ ಪಾದದ ಬಳಿಯಲ್ಲಿಯೂ ಹುತ್ತವಿದೆ, ತೊಡೆತೋಳುಗಳಿಗೆ ಬಳ್ಳಿ ಹಬ್ಬಿದೆ. ಎರಡು ಹುತ್ತಗಳ ನಡುವಿನ ದಾರಿಯಲ್ಲಿ ಓಡುವ ಬಸ್ಸಿನೊಳಗೆ ಕುಳಿತವರಿಗೆ ಮಾತ್ರ ಎಲ್ಲಿಯೂ ನಿಲ್ಲಲು ಪುರುಸೊತ್ತಿಲ್ಲ. ಮಾರ್ಗದರ್ಶಿಯ ಕೈಯಲ್ಲಿ ಪಟ್ಟಿಯಿದೆ. ಸಂಜೆಯೊಳಗೆ ಇನ್ನೂ ನಾಲ್ಕು ಕ್ಷೇತ್ರಗಳು ಆಗಬೇಕು.

ಇದನ್ನು ತೀರ್ಥಯಾತ್ರೆಯೆಂದು ಕರೆಯುವುದು ಎಷ್ಟರಮಟ್ಟಿಗೆ ಯುಕ್ತ? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ವಿವರಿಸುವಾಗ ಪ್ರಮಾದಚರ್ಯೆಯೆಂಬುದನ್ನು ಹೆಸರಿಸುತ್ತಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಬಳ್ಳಿಗಳನ್ನು ಕಡಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಅದೇ ಸಾಲಿನಲ್ಲಿ, ಅದೇ ತೂಕದಲ್ಲಿ, ಅವರು ಇನ್ನೆರಡನ್ನು ಸೇರಿಸಿದ್ದಾರೆ: ಸರಣ ಮತ್ತು ಸಾರಣ. ಎಂದರೆ ಸುಮ್ಮನೆ ಅಲೆಯುವುದು, ಇತರರನ್ನು ಅಲೆಸುವುದು. ಪ್ರವಚನಗಳಲ್ಲಿ ಗಿಡ ಕಡಿಯುವುದರ ಕುರಿತು ಬಹಳ ಕೇಳಿಬರುತ್ತದೆ, ನೀರಿನ ಕುರಿತೂ ಕೇಳಿಬರುತ್ತದೆ. ಈ ಕೊನೆಯ ಎರಡು ಪದಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವವರು ವಿರಳ. ಅಲೆಯುವವನ ದೋಷವಾದರೂ ಅವನೊಬ್ಬನದು. ಮೂರು ದಿನಗಳಲ್ಲಿ ಇಪ್ಪತ್ತು ಕ್ಷೇತ್ರಗಳೆಂದು ಕರಪತ್ರ ಹೊರಡಿಸಿ ಐವತ್ತು ಜನರನ್ನು ಅಲೆಸುವ ಸಂಘಗಳ ಲೆಕ್ಕ ಯಾವ ಖಾತೆಗೆ ಸೇರಬೇಕು?

ಹಿಂಸೆಯ ಲೆಕ್ಕ ಕಣ್ಣಿಗೆ ಕಾಣುವಂಥದೇ. ಜೀವರಾಶಿ ಹೆಚ್ಚುವ ಮಳೆಗಾಲದಲ್ಲಿ ಮುನಿಗಳು ಒಂದೆಡೆ ನಿಂತು ಚಾತುರ್ಮಾಸ ಆಚರಿಸುತ್ತಾರೆ. ಅವರ ದರ್ಶನಕ್ಕೆಂದೇ ಅದೇ ಮಳೆಗಾಲದ ರಾತ್ರಿಗಳಲ್ಲಿ ದೀಪ ಉರಿಸಿಕೊಂಡು ಬಸ್ಸುಗಳು ಓಡುತ್ತವೆ. ಬೆಳಗಾದಾಗ ಮುಂದಿನ ಗಾಜಿಗೆ ಅಂಟಿಕೊಂಡ ಹುಳುಗಳನ್ನು ಒರೆಸುವವನು ಕ್ಲೀನರ್ ಹುಡುಗ. ಯಾತ್ರಿಕರು ಆ ಹೊತ್ತಿಗೆ ಅಭಿಷೇಕಕ್ಕೆ ಹೋಗಿರುತ್ತಾರೆ. ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಕುಟುಂಬಗಳು ಯಾತ್ರೆಯಲ್ಲಿ ರಾತ್ರಿ ಒಂಬತ್ತಕ್ಕೆ ಎಲೆಯ ಮುಂದೆ ಕೂರುತ್ತವೆ. ನೀರು ಸೋಸುವ ಬಟ್ಟೆ ಪೆಟ್ಟಿಗೆಯ ತಳದಲ್ಲಿ ಉಳಿಯುತ್ತದೆ. ಪ್ರಯಾಣದಲ್ಲಿ ದೋಷವಿಲ್ಲವೆಂಬ ಸಮಾಧಾನವನ್ನು ಯಾವ ಶಾಸ್ತ್ರ ಹೇಳಿದೆಯೋ, ಹಾಗೆ ಹೇಳುವವರೇ ತೋರಿಸಬೇಕು.

ಹಾಗಾದರೆ ಶ್ರಾವಕನು ಊರು ಬಿಟ್ಟು ಹೊರಡಲೇಬಾರದೇ? ಹಾಗಲ್ಲ. ಅದೇ ಗ್ರಂಥದಲ್ಲಿ ಶಿಕ್ಷಾವ್ರತಗಳಲ್ಲಿ ಮೊದಲನೆಯದಾಗಿ ದೇಶಾವಕಾಶಿಕವನ್ನು ಹೇಳಿದೆ. ಸಂಚಾರದ ಕ್ಷೇತ್ರಕ್ಕೆ ಮನೆ, ಊರು, ಹೊಲ, ನದಿ, ಕಾಡು ಮೊದಲಾದ ಗುರುತಿನ ಎಲ್ಲೆಗಳನ್ನೂ, ಕಾಲಕ್ಕೆ ಪಕ್ಷ, ಮಾಸ, ಚಾತುರ್ಮಾಸ, ಋತು, ಅಯನ, ಸಂವತ್ಸರ ಎಂಬ ಅವಧಿಗಳನ್ನೂ ನಿಗದಿಪಡಿಸಿಕೊಳ್ಳುವ ವ್ರತವದು. ಇದನ್ನು ಮನೆಯಲ್ಲಿ ಕುಳಿತೇ ಆಚರಿಸಬೇಕೆಂಬ ನಿಯಮವಿಲ್ಲ. ಒಂದು ಕುಟುಂಬ ಪುರಾತನ ನಗರವೊಂದಕ್ಕೆ ಹೋಗಿ, ಒಂದು ಮಾಸ ಇದರ ಎಲ್ಲೆ ದಾಟುವುದಿಲ್ಲವೆಂದು ಸಂಕಲ್ಪಿಸಿ, ಸ್ವಂತ ಒಲೆ ಹೂಡಿ, ಮಾರ್ಗದರ್ಶಿಯ ಹಂಗಿಲ್ಲದೆ ಕಾಲ್ನಡಿಗೆಯಲ್ಲಿ ಆ ನಗರವನ್ನು ಅರಿತರೆ ಅಲ್ಲಿ ಸರಣವೂ ಇಲ್ಲ, ಸಾರಣವೂ ಇಲ್ಲ.

ಇಂತಹ ವಾಸಕ್ಕೆ ಕರ್ನಾಟಕದಲ್ಲಿ ವಿಜಯನಗರಕ್ಕಿಂತ ಯೋಗ್ಯವಾದ ನಗರ ಯಾವುದು? ಹಂಪೆ ಜೈನರ ತೀರ್ಥವಲ್ಲ, ಅಲ್ಲಿ ಅರ್ಧ ದಿನ ಸಾಕು ಎಂಬುದು ಯಾತ್ರಾ ಸಂಘಗಳ ಸಾಮಾನ್ಯ ಉತ್ತರ. ಆ ಅರ್ಧ ದಿನದಲ್ಲಿ ನಡೆಯುವುದಿಷ್ಟು. ವಿರೂಪಾಕ್ಷ ದೇವಾಲಯದ ಪಕ್ಕದ ಹೇಮಕೂಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಶಿಖರಗಳ ಗುಡಿಗಳಿವೆ. ನೋಡಲು ಬಸದಿಗಳಂತಿರುವುದರಿಂದ ಬಹುಕಾಲದಿಂದ ಅವುಗಳಿಗೆ ಜೈನ ಗುಡಿಗಳೆಂಬ ಹೆಸರು ಅಂಟಿಕೊಂಡಿದೆ. ಯಾತ್ರಿಕರು ಕೈಮುಗಿದು ಚಿತ್ರ ತೆಗೆಸಿಕೊಂಡು ಇಳಿಯುತ್ತಾರೆ. ಆದರೆ ಅವು ಶೈವ ಗುಡಿಗಳು; ಅವುಗಳಲ್ಲೊಂದು ತ್ರಿಕೂಟವನ್ನು ಕಂಪಿಲದೇವನು ಕಟ್ಟಿಸಿ ಶಿವಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಇತ್ತ ನಿಜವಾದ ಜಿನಾಲಯ ಕಮಲಾಪುರದ ಕಡೆ, ಭೀಮನ ಬಾಗಿಲಿನ ಹತ್ತಿರ, ಗಾಣಗಿತ್ತಿ ಬಸದಿಯೆಂಬ ಹೆಸರಿನಲ್ಲಿ ನಿಂತಿದೆ. ಇಮ್ಮಡಿ ಹರಿಹರನ ದಂಡನಾಯಕನೂ ನಾನಾರ್ಥರತ್ನಮಾಲೆಯೆಂಬ ನಿಘಂಟಿನ ಕರ್ತೃವೂ ಆದ ಇರುಗಪ್ಪನು 1385ರಲ್ಲಿ ಕುಂಥುನಾಥ ತೀರ್ಥಂಕರರಿಗೆ ಕಟ್ಟಿಸಿದ ಚೈತ್ಯಾಲಯವದು. ಎದುರಿನ ಕಂಬದ ಮೇಲೆ ಶಾಸನವಿದೆ. ಬಸ್ಸು ಅಲ್ಲಿ ನಿಲ್ಲುವುದು ಅಪರೂಪ, ಪಟ್ಟಿಯಲ್ಲಿ ಅದಿಲ್ಲ. ಅನ್ಯರ ಗುಡಿಯನ್ನು ತನ್ನದೆಂದು ಹೇಳಿಕೊಳ್ಳುವುದು, ಪೂರ್ವಿಕರ ಗುಡಿಯನ್ನು ಕಾಣದೆ ಹಿಂದಿರುಗುವುದು, ಈ ಎರಡು ತಪ್ಪುಗಳೂ ಅರ್ಧ ದಿನದಲ್ಲಿ ಒಟ್ಟಿಗೆ ಆಗುತ್ತವೆ. ಮೊದಲನೆಯದು ಸತ್ಯವ್ರತಕ್ಕೂ ಸಂಬಂಧಿಸಿದ್ದೆಂಬುದನ್ನು ಮರೆಯಲಾಗದು.

ಎರಡನೆಯ ದೇವರಾಯನು 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ್ದು ರಾಜಧಾನಿಯ ಎಲೆ-ಅಡಿಕೆಯ ಅಂಗಡಿ ಬೀದಿಯಲ್ಲಿ. ಊರ ಹೊರಗಿನ ಗುಡ್ಡದಲ್ಲಲ್ಲ, ವ್ಯಾಪಾರಿಗಳು ದಿನವೂ ಓಡಾಡುವ ಪೇಟೆಯ ನಡುವೆ. ಆ ಬೀದಿಯನ್ನು ಪಾನ್ ಸುಪಾರಿ ಬಜಾರವೆಂದು ಇಂದಿಗೂ ಗುರುತಿಸುತ್ತಾರೆ. ಆ ಕಾಲದ ಶ್ರಾವಕನು ಅಂಗಡಿ ತೆರೆಯುವ ಮೊದಲು ಎಲ್ಲಿ ನಿಂತು ದರ್ಶನ ಮಾಡಿದನು, ಅವನ ಪಕ್ಕದ ಅಂಗಡಿ ಯಾರದಿತ್ತು, ನೀರು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗಳು ಆ ಬೀದಿಯಲ್ಲಿ ಹತ್ತು ಬಾರಿ ನಡೆದವನಿಗೆ ಹುಟ್ಟುತ್ತವೆ. ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರು 1980ರಿಂದ ಸುಮಾರು ಎರಡು ದಶಕಗಳ ಕಾಲ ಚಳಿಗಾಲಗಳಲ್ಲಿ ಬಂದು ಬೀಡುಬಿಟ್ಟು ಈ ನಗರದ ಗೋಡೆ, ಬಾಗಿಲು, ದಾರಿಗಳನ್ನು ಅಳೆದು ದಾಖಲಿಸಿದರು. ಸಾಗರದಾಚೆಯಿಂದ ಬಂದವರಿಗೆ ಇಷ್ಟು ತಾಳ್ಮೆಯಿತ್ತು. ಆ ನಗರದಲ್ಲಿ ಪೂರ್ವಿಕರ ಎರಡು ಚೈತ್ಯಾಲಯಗಳನ್ನುಳ್ಳ ಸಮಾಜಕ್ಕೆ ಒಂದು ಮಾಸದ ತಾಳ್ಮೆಯೂ ಇಲ್ಲವೆಂದರೆ ಏನನ್ನಬೇಕು?

ವಿಜಯನಗರಕ್ಕೂ ಜೈನರಿಗೂ ಇರುವ ನಂಟಿನಲ್ಲಿ 1368ರ ಬುಕ್ಕರಾಯನ ಶಾಸನ ಎಲ್ಲಕ್ಕಿಂತ ಮುಖ್ಯವಾದುದು. ವೈಷ್ಣವರೊಡನೆ ವಿವಾದ ಬಂದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಕಲ್ಲೆಹವೆಂದರೆ ಯಡಿಯೂರಿನಿಂದ ಬಹು ದೂರವಲ್ಲದ, ಮಾಗಡಿ ತಾಲ್ಲೂಕಿನ ಇಂದಿನ ಕಲ್ಯ. ಶಾಸನ ಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ಇದೆ. ಅದರ ಮುಂದಿನ ಭಾಗ ಇಂದಿನ ಟ್ರಸ್ಟಿಗಳು ಓದಬೇಕಾದದ್ದು. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅಂದು ಮನೆಮನೆಯ ಹಣ ಕಾವಲಿಗೂ ಸುಣ್ಣಕ್ಕೂ ಸಂದಿತು. ಇಂದು ಮನೆಮನೆಯ ಹಣ ಡೀಸೆಲ್‌ಗೆ ಸಲ್ಲುತ್ತಿದೆ. ತುಮಕೂರಿನ ಮಂದರಗಿರಿಗೆ ಬೆಟ್ಟದ ಬುಡದ ಪಿಂಛಿಯಾಕಾರದ ಮಂದಿರ ನೋಡಲು ಬರುವವರಲ್ಲಿ ಮೇಲಿನ ಹಳೆಯ ಬಸದಿಗಳವರೆಗೆ ಹತ್ತುವವರೆಷ್ಟು? ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹೊಯ್ಸಳರ ಕಾಲದ ಶಾಂತಿನಾಥ ಬಸದಿ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಎಷ್ಟು ಪಟ್ಟಿಗಳಲ್ಲಿವೆ?

ದೀರ್ಘವಾಸ ತಾನಾಗಿಯೇ ಶ್ರೇಷ್ಠವೆಂದು ಇಲ್ಲಿ ವಾದಿಸುತ್ತಿಲ್ಲ. ಹಂಪೆಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ದೇಶವಿದೇಶಗಳ ತರುಣರು ವಾರಗಟ್ಟಲೆ, ತಿಂಗಳುಗಟ್ಟಲೆ ತಂಗುತ್ತಿದ್ದರು. ಅಲ್ಲಿಯ ಅನಧಿಕೃತ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರಲ್ಲಿ ಕೆಡವಲಾಯಿತು. ಭೋಗಕ್ಕಾಗಿ ತಂಗುವವನು ಒಂದೆಡೆ ಕುಳಿತೂ ಅಲೆಯುತ್ತಲೇ ಇರುತ್ತಾನೆ. ಎಲ್ಲೆಯ ಸಂಕಲ್ಪ, ಸ್ವಂತ ಅಡುಗೆ, ದಿನಕ್ಕೊಂದಿಷ್ಟು ಸ್ವಾಧ್ಯಾಯ ಇದ್ದಾಗ ಮಾತ್ರ ವಾಸ ವ್ರತವಾಗುತ್ತದೆ.

ವೃದ್ಧರಿಗೆ ಇದು ಸಾಧ್ಯವೇ ಎಂಬ ಆಕ್ಷೇಪ ಬರುತ್ತದೆ. ಮೂರು ದಿನ ಬಸ್ಸಿನಲ್ಲಿ ಕಾಲು ಮಡಚಿ ಕೂರುವುದಕ್ಕಿಂತ ಒಂದು ಮನೆಯಲ್ಲಿದ್ದು ತಂಪು ಹೊತ್ತಿನಲ್ಲಿ ಅರ್ಧ ಮೈಲಿ ನಡೆಯುವುದು ಅವರಿಗೆ ಸುಲಭ. ನೌಕರಿಯಲ್ಲಿರುವವರಿಗೆ ರಜೆಯಿಲ್ಲ, ನಿಜ. ಅವರಿಗೆ ಒಂದು ಪಕ್ಷದ ಅವಧಿಯನ್ನು ಸಮಂತಭದ್ರರೇ ಹೇಳಿದ್ದಾರೆ. ಖರ್ಚಿನ ಮಾತೂ ಉಂಟು. ಆದರೆ ಐದು ವರ್ಷಗಳ ಐದು ಅವಸರದ ಯಾತ್ರೆಗಳಿಗೆ ತೆತ್ತ ಹಣವನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ನಿಜವಾದ ಅಡ್ಡಿ ಇರುವುದು ಟ್ರಸ್ಟುಗಳ ಕಡೆ. ಎಷ್ಟೋ ಕ್ಷೇತ್ರಗಳ ಯಾತ್ರಿನಿವಾಸಗಳಲ್ಲಿ ಮೂರು ದಿನಗಳಿಗಿಂತ ಹೆಚ್ಚು ತಂಗುವಂತಿಲ್ಲ. ಧರ್ಮಶಾಲೆಯನ್ನು ಅಗ್ಗದ ಹೋಟೆಲಾಗಿ ಬಳಸುವವರನ್ನು ತಡೆಯಲು ಮಾಡಿದ ನಿಯಮವದು, ಅಗತ್ಯವೂ ಆಗಿತ್ತು. ಆದರೆ ದಾನಿಗಳ ಹೆಸರಿನ ಫಲಕ ಹೊತ್ತ ಕೋಣೆಗಳು ಉತ್ಸವದ ದಿನಗಳ ಹೊರತು ಬೀಗ ಹಾಕಿಕೊಂಡಿರುವಾಗ, ಬಸದಿಯ ಶಾಸನಗಳನ್ನು ಓದಲು ಬಂದ ಕುಟುಂಬವನ್ನು ನಾಲ್ಕನೆಯ ಬೆಳಿಗ್ಗೆ ಹೊರಡಿಸುವುದು ಧರ್ಮವೇ? ಸಂಜೆ ಬಂದು ಬೆಳಿಗ್ಗೆ ಹೋಗುವ ಐವತ್ತು ಜನರ ಬಸ್ಸಿಗೆ ಇರುವ ಆದರ, ಒಂದು ಮಾಸ ಇರುತ್ತೇವೆನ್ನುವ ಇಬ್ಬರಿಗೆ ಕಚೇರಿಯಲ್ಲಿ ಸಿಗುವುದಿಲ್ಲ. ಬಸ್ಸಿನವರು ರಸೀದಿ ಹರಿಸುತ್ತಾರೆ; ಇಬ್ಬರು ಪ್ರಶ್ನೆ ಕೇಳುತ್ತಾರೆ.

ಟ್ರಸ್ಟುಗಳಿಂದ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ಕ್ಷೇತ್ರದಲ್ಲಿ ಎರಡು ಕೋಣೆಗಳನ್ನು ಮಾಸವಾಸಿಗಳಿಗೆಂದು ಪ್ರತ್ಯೇಕಿಸಬಹುದು. ಹೊಸಪೇಟೆಯಲ್ಲಾಗಲಿ ಕಮಲಾಪುರದಲ್ಲಾಗಲಿ ಕೆಲವು ಟ್ರಸ್ಟುಗಳು ಕೂಡಿ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿಯಬಹುದು. ಅದರಲ್ಲಿ ಒಂದು ಒಲೆ, ಸೋಸಿದ ನೀರಿನ ವ್ಯವಸ್ಥೆ, ಒಂದು ಕಪಾಟು ಶಾಸನಸಂಪುಟಗಳು ಇದ್ದರೆ ಸಾಕು. ಬರುವವರು ತಮ್ಮ ಊರಿನ ಬಸದಿಯ ಪತ್ರ ತರಲಿ, ವಾಸದ ಎಲ್ಲೆ ಮತ್ತು ಅವಧಿಯನ್ನು ಪುಸ್ತಕದಲ್ಲಿ ಬರೆದಿಡಲಿ. ಉತ್ತರಕ್ಕೆ ತುಂಗಭದ್ರೆ, ದಕ್ಷಿಣಕ್ಕೆ ಕಮಲಾಪುರದ ಕೆರೆ ಎಂದು ಬರೆದವರು ಆನೆಗೊಂದಿಯನ್ನೂ ನೋಡಬೇಕೆಂದಿದ್ದರೆ ಎಲ್ಲೆಯನ್ನು ಮೊದಲೇ ನದಿಯಾಚೆಗೆ ಹಾಕಿಕೊಳ್ಳಲಿ, ನಡುವೆ ಬದಲಿಸುವಂತಿಲ್ಲ. ಹೊರಡುವ ಮುನ್ನ ತಾವು ಕಂಡದ್ದನ್ನು ಅದೇ ಪುಸ್ತಕದಲ್ಲಿ ನಾಲ್ಕು ಪುಟ ಬರೆದು ಹೋಗಲಿ. ಚಾತುರ್ಮಾಸ ಮುಗಿದ ಕಾರ್ತಿಕದಿಂದ ಮಾಘದವರೆಗೆ ಅಲ್ಲಿಯ ಬಂಡೆಗಳು ಕಾಯುವುದಿಲ್ಲ. ಮೊದಲ ಕುಟುಂಬವನ್ನು ಕಳುಹಿಸಲು ಅದೇ ತಕ್ಕ ಕಾಲ.