ಟಿಸಿ ಕೊಟ್ಟರೆ ಚಟ ಬಿಡುತ್ತದಾ?

ಹೋದ ವರ್ಷ ಮಾಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಪಂಕ್ಚರ್ ಸಲ್ಯೂಷನ್ ಮೂಸುವಾಗ ಸಿಕ್ಕಿಬಿದ್ದ. ಅಪ್ಪನನ್ನು ಕರೆಸಿದರು. ಅಪ್ಪ ಬಂದಿದ್ದೂ ಕುಡಿದೇ. ಎಲ್ಲರೆದುರು ಬೈದು ಟಿಸಿ ಕೊಟ್ಟು ಕಳಿಸಿದರು. ಈಗ ಅವನು ಗಾರೆ ಕೆಲಸಕ್ಕೆ ಹೋಗುತ್ತಾನೆ. ಶಾಲೆ ಬಿಟ್ಟಿದ್ದಾನೆ, ಮೂಸುವುದು ಬಿಟ್ಟಿಲ್ಲ.

ಶಾಲೆಯ ಹೆಸರು ಉಳಿಯಿತು ಅಂತ ಅವತ್ತು ಎಲ್ಲರಿಗೂ ಸಮಾಧಾನ. ಹುಡುಗ ಉಳಿದನಾ ಅಂತ ನಾವು ಕೇಳುತ್ತಿದ್ದೇವೆ.

ರಾಮನಗರದಿಂದ ಬಸ್ ಹತ್ತಿದರೆ ಅರ್ಧ ದಿನದೊಳಗೆ ಹೋಗಿಬರಬಹುದಾದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರವಿದೆ. ಅಲ್ಲಿ ಮನೋವೈದ್ಯ ಡಾ. ವಿವೇಕ್ ಬೆನಗಲ್ ವರ್ಷಗಟ್ಟಲೆ ಬೆನ್ನುಹತ್ತಿದ್ದು ಒಂದೇ ಪ್ರಶ್ನೆಯನ್ನು: ಒಂದೇ ಊರಿನ ಇಬ್ಬರು ಹುಡುಗರಲ್ಲಿ ಒಬ್ಬ ಚಟಕ್ಕೆ ಬೀಳುತ್ತಾನೆ, ಇನ್ನೊಬ್ಬ ಬೀಳುವುದಿಲ್ಲ, ಯಾಕೆ? ಮನೆತನದಲ್ಲಿ ಕುಡಿತದ ಚಟ ಹೆಚ್ಚಾಗಿದ್ದು, ತಾವಿನ್ನೂ ಕುಡಿತಕ್ಕೆ ಬೀಳದವರ ಮಿದುಳನ್ನು ಅವರ ತಂಡ ಸ್ಕ್ಯಾನ್ ಮಾಡಿ ನೋಡಿತು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಿದುಳಿನ ಕೆಲವು ಭಾಗಗಳಲ್ಲೇ ವ್ಯತ್ಯಾಸ ಕಂಡಿತ್ತು. ಚಡಪಡಿಕೆ, ದುಡುಕು ಸ್ವಭಾವಕ್ಕೂ ಅದಕ್ಕೂ ನಂಟಿತ್ತು. ಆಮೇಲೆ 6ರಿಂದ 23 ವರ್ಷದವರ ಮೇಲೆ ದೇಶದ 7 ಕಡೆ, ನಮ್ಮ ಪಕ್ಕದ ಮೈಸೂರಿನಲ್ಲೂ, ಭಾರತ ಮತ್ತು ಬ್ರಿಟನ್ ಸೇರಿ ನಡೆಸಿದ ದೊಡ್ಡ ಅಧ್ಯಯನದ ಮುಂದಾಳುಗಳಲ್ಲೂ ಅವರೊಬ್ಬರು.

ಅಪ್ಪ ಕುಡುಕನಾದರೆ ಮಗನೂ ಕುಡುಕನೇ ಅಂತ ಇದರ ಅರ್ಥವಲ್ಲ. ಅಂಥ ಮಗುವನ್ನು ಬೇಗ ಗುರುತಿಸಿ ಹೆಚ್ಚು ಜೋಪಾನ ಮಾಡಬೇಕು ಅಂತ ಅರ್ಥ. ನಾವು ಮಾಡುತ್ತಿರುವುದು ಉಲ್ಟಾ. ಪೋಲಿ ಅಂತ ಮೊದಲು ಹೊರಗೆ ಹಾಕುವುದೇ ಅವನನ್ನು.

"ಒಬ್ಬನಿಂದ ಹತ್ತು ಜನ ಕೆಡುತ್ತಾರೆ" ಅನ್ನುತ್ತಾರೆ ಮೇಷ್ಟ್ರು. ಆ ಭಯ ಸುಳ್ಳಲ್ಲ. ಆದರೆ ಟಿಸಿ ತಗೊಂಡ ಹುಡುಗ ಊರು ಬಿಟ್ಟು ಹೋಗುವುದಿಲ್ಲ ಸ್ವಾಮಿ. ಸಾಯಂಕಾಲ ಅದೇ ಹತ್ತು ಜನಕ್ಕೆ ಕೆರೆ ಏರಿ ಮೇಲೆ ಸಿಗುತ್ತಾನೆ. ಅಲ್ಲಿ ಮೇಷ್ಟ್ರಿರುವುದಿಲ್ಲ. 2019ರ ಕೇಂದ್ರ ಸರ್ಕಾರದ ಸಮೀಕ್ಷಾ ವರದಿ ಪ್ರಕಾರ ಹೀಗೆ ಮೂಸುವ ಚಟಕ್ಕೆ ನೆರವು ಬೇಕಿರುವ ಮಕ್ಕಳೇ ದೇಶದಲ್ಲಿ 4.6 ಲಕ್ಷ. ಅಷ್ಟೂ ಮಕ್ಕಳಿಗೆ ಟಿಸಿ ಕೊಡೋಣವೇ?

ಶಿಕ್ಷೆ ಕೊಡಲೇಬೇಕೆಂದರೆ ಕಾನೂನು ಬೇರೆಯವರನ್ನು ತೋರಿಸುತ್ತದೆ. ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂನಲ್ಲಿ 7 ವರ್ಷದವರೆಗೆ ಜೈಲಿದೆ, 1 ಲಕ್ಷದವರೆಗೆ ದಂಡವಿದೆ. ನಿಮ್ಮೂರಲ್ಲಿ ಹುಡುಗರಿಗೆ ಗುಟ್ಕಾ ಕೊಟ್ಟ ಎಷ್ಟು ಅಂಗಡಿಯವರ ಮೇಲೆ ಕೇಸಾಗಿದೆ? ನೀವೇ ಲೆಕ್ಕ ಹಾಕಿ.

ನಾವು ಕೇಳುವುದು ಎರಡೇ. ಚಟದ ಕಾರಣಕ್ಕೆ ಯಾವ ಮಗುವಿಗೂ ಟಿಸಿ ಬೇಡ. ಮೊದಲು ಕೂರಿಸಿಕೊಂಡು ಮಾತಾಡಿ, ಡಾಕ್ಟರ ಹತ್ತಿರ ಕಳಿಸಿ. ಎರಡು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಹದಿಹರೆಯದವರಿಗೇ ಅಂತ ಆಪ್ತಸಮಾಲೋಚಕರು ಕೂರಲಿ. ಇದು ಭಿಕ್ಷೆಯಲ್ಲ. ಮದ್ಯ, ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕಾಯಿಲೆ ಎಂದು ಒಪ್ಪಿದೆ, ಚಿಕಿತ್ಸೆಯನ್ನು ಹಕ್ಕು ಎಂದಿದೆ.

ಅಲ್ಲಿಯವರೆಗೆ ಈ ನಂಬರು ಇಟ್ಟುಕೊಳ್ಳಿ: ಟೆಲಿ ಮಾನಸ್, 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಿನ ಹೆಡ್‌ಮೇಷ್ಟ್ರಿಗೂ ಕಳಿಸಿ. ಜೂನ್ 26ರಂದು ಮಕ್ಕಳ ಕೈಗೆ ಬೋರ್ಡು ಕೊಟ್ಟು ಮಾದಕ ವಸ್ತು ವಿರೋಧಿ ಜಾಥಾ ಮಾಡಿಸುವವರು ಅವರೇ ತಾನೇ.