ಒರೆಯೊಳಗಿನ ಕತ್ತಿ, ಮನದೊಳಗಿನ ಮೂರ್ಛೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಊರು ಗಂಗಾವತಿ ಸೀಮೆಯ ಶ್ರೀರಾಮನಗರ. ಭತ್ತದ ಗದ್ದೆಗಳ ನಡುವಿನ ಈ ಊರಿನಲ್ಲಿ ಕಟಾವಿಗೆ ಯಂತ್ರ ಬಂದ ಮೇಲೂ ಬದುವಿನ ಹುಲ್ಲಿಗೆ ಕುಡುಗೋಲು ಬೇಕು, ಅಡುಗೆಮನೆಗೆ ಈಳಿಗೆ ಬೇಕು. ಇವೂ ಹರಿತವಾದ ಕಬ್ಬಿಣವೇ. ಆದರೆ ಇವುಗಳನ್ನು ಯಾರೂ ಆಯುಧವೆಂದು ಕರೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಕೇವಲ ಗೃಹಕೃತ್ಯಕ್ಕೆ ಅಥವಾ ಕೃಷಿಗೆಂದು ರೂಪಿಸಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ವಸ್ತುವಿನ ಗುಣವನ್ನು ನಿರ್ಧರಿಸುವುದು ಅದರ ಅಲಗಲ್ಲ, ಅದರ ಉದ್ದೇಶ ಎಂಬ ವಿವೇಕ ಇಲ್ಲಿದೆ.

ಈ ವಿವೇಕಕ್ಕೆ ಸವಾಲಾಗಿರುವ ಒಂದು ಹವ್ಯಾಸವಿದೆ. ಅದು ಹಳೆಯ ಸೈನಿಕ ಚೂರಿ, ಕಠಾರಿಗಳ ಸಂಗ್ರಹ. ಗೂರ್ಖಾ ಯೋಧರ ಕುಕ್ರಿ ಇಂಥವರಿಗೆ ಪ್ರಿಯ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಕಮಾಂಡೊಗಳಿಗಾಗಿ ಫೇರ್‌ಬೈರ್ನ್ ಮತ್ತು ಸೈಕ್ಸ್ ಎಂಬಿಬ್ಬರು ರೂಪಿಸಿದ ಇಬ್ಬಾಯಿ ಚೂರಿಯಂತೂ ಇನ್ನೂ ಪ್ರಿಯ. ಅದನ್ನು ರೂಪಿಸಿದ್ದು ಹುಲ್ಲು ಕೊಯ್ಯಲಿಕ್ಕಲ್ಲ, ಹಗ್ಗ ಕತ್ತರಿಸಲಿಕ್ಕೂ ಅಲ್ಲ. ಎದುರಿನ ಮನುಷ್ಯನ ಪ್ರಾಣ ತೆಗೆಯಲಿಕ್ಕೆ. ಸಂಗ್ರಾಹಕನು ಅದರ ಮೇಲಿನ ಮುದ್ರೆಯನ್ನು ಪರೀಕ್ಷಿಸುತ್ತಾನೆ, ಮೂಲ ಒರೆ ಇದೆಯೇ ಎಂದು ನೋಡುತ್ತಾನೆ, ಯಾವ ಪಡೆಯದು, ಯಾವ ಕಾಳಗ ಕಂಡದ್ದು ಎಂದು ವಿಚಾರಿಸುತ್ತಾನೆ. ಕಥೆ ಭೀಕರವಾದಷ್ಟೂ ಬೆಲೆ ಏರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಇಂಗ್ಲಿಷರ ಕೈಸೇರಿದ ಟಿಪ್ಪು ಸುಲ್ತಾನನ ಖಡ್ಗವೊಂದು 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು.

ಸಂಗ್ರಾಹಕರ ವಾದವನ್ನೂ ಕೇಳಬೇಕು. ಗಾಜಿನ ಪೆಟ್ಟಿಗೆಯಲ್ಲಿರುವ ಚೂರಿಯಿಂದ ಯಾವ ಜೀವಕ್ಕೂ ನೋವಿಲ್ಲ. ಅದು ಇತಿಹಾಸ, ಕಮ್ಮಾರನ ಕೌಶಲ ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಅನೇಕಾಂತವನ್ನು ಒಪ್ಪಿದವರು ಅದನ್ನು ಅಲ್ಲಗಳೆಯಲಾಗದು. ಆದರೆ ಜಿನಧರ್ಮವು ಕೈಯನ್ನು ಮಾತ್ರ ನೋಡುವುದಿಲ್ಲ, ಭಾವವನ್ನೂ ನೋಡುತ್ತದೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಈ ಮೂರೂ ಕರ್ಮಬಂಧಕ್ಕೆ ಕಾರಣ.

ಶಾಸ್ತ್ರಗಳು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತವೆ. ದೇಶರಕ್ಷಣೆಗೆ ನಿಂತ ಸೈನಿಕನದು ವಿರೋಧಿ ಹಿಂಸೆ. ಗೃಹಸ್ಥನಿಗೆ ಅದು ಸಂಪೂರ್ಣವಾಗಿ ತ್ಯಾಜ್ಯವಲ್ಲ. ಅವನು ಭಯದಿಂದಲೋ ಕರ್ತವ್ಯದಿಂದಲೋ ಚೂರಿ ಹಿಡಿದನು. ಯುದ್ಧ ಮುಗಿದಾಗ ಕೆಳಗಿಟ್ಟನು. ಅವನು ಕೆಳಗಿಟ್ಟದ್ದನ್ನು ಹಣ ಕೊಟ್ಟು ಎತ್ತಿಕೊಂಡು, ಅದು ಸುರಿಸಿದ ರಕ್ತದ ಕಥೆಯನ್ನು ಅತಿಥಿಗಳ ಮುಂದೆ ಸವಿಯುವವನಿಗೆ ಯಾವ ಶತ್ರುವಿದ್ದಾನೆ? ಹಿಂಸೆಯಲ್ಲಿ ಆನಂದ, ಪರಿಗ್ರಹದಲ್ಲಿ ಆನಂದ ಇವೆರಡೂ ರೌದ್ರಧ್ಯಾನದ ಭೇದಗಳು. ಸೈನಿಕನಿಗಿಲ್ಲದ ಈ ಬಂಧನವನ್ನು ಸಂಗ್ರಾಹಕನು ಕೇವಲ ವಿನೋದಕ್ಕಾಗಿ ಕಟ್ಟಿಕೊಳ್ಳುತ್ತಾನೆ. ಉಮಾಸ್ವಾತಿ ಆಚಾರ್ಯರು ಪರಿಗ್ರಹವನ್ನು ವಸ್ತುವೆನ್ನದೆ ಮೂರ್ಛೆಯೆಂದು ಕರೆದದ್ದು ಇದಕ್ಕಾಗಿಯೇ.

ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ಪ್ರಸಂಗವನ್ನು ಕನ್ನಡಿಗರೆಲ್ಲರೂ ಬಲ್ಲರು. ಭರತನ ಆಯುಧಾಗಾರದಲ್ಲಿ ಹುಟ್ಟಿದ ಚಕ್ರರತ್ನವು ಷಟ್ಖಂಡಗಳನ್ನು ಗೆದ್ದು ಬಂದು, ತನ್ನ ಊರಿನ ಬಾಗಿಲಲ್ಲೇ ನಿಂತುಬಿಟ್ಟಿತು. ಸೋತ ಭರತನು ತಮ್ಮನ ಮೇಲೆ ಎಸೆದಾಗ ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದಿತೇ ಹೊರತು ಗಾಯ ಮಾಡಲಿಲ್ಲ. ಗೆದ್ದ ಬಾಹುಬಲಿಯಾದರೋ ಆ ಗೆಲುವನ್ನೂ ಸಂಗ್ರಹಿಸಿಡಲಿಲ್ಲ. ಸಮರಪರಶುರಾಮನೆಂಬ ಬಿರುದು ಹೊತ್ತ ಗಂಗರ ಸೇನಾನಿ ಚಾವುಂಡರಾಯನು ಹಲವು ಯುದ್ಧಗಳನ್ನು ಕಂಡವನು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಅವನು ನಿಲ್ಲಿಸಿದ್ದು ತನ್ನ ವಿಜಯದ ಖಡ್ಗವನ್ನಲ್ಲ, ಬರಿಗೈಯಲ್ಲಿ ನಿಂತ ಬಾಹುಬಲಿಯನ್ನು.

ಶ್ರೀರಾಮನಗರದವರು ದೂರ ಹೋಗಬೇಕಿಲ್ಲ. ಪ್ರಾಚೀನ ಜೈನತೀರ್ಥವಾದ ಕೊಪಣ, ಇಂದಿನ ಕೊಪ್ಪಳ, ಅವರ ಜಿಲ್ಲಾ ಕೇಂದ್ರವೇ ಆಗಿದೆ. ಅಲ್ಲಿನ ಪಾಲ್ಕಿಗುಂಡಿನಲ್ಲಿ ಕಳಿಂಗದ ರಕ್ತಪಾತಕ್ಕೆ ಮರುಗಿದ ಅಶೋಕನ ಶಾಸನವಿದೆ. ಜಟಾಸಿಂಹನಂದಿ ಆಚಾರ್ಯರ ಪಾದಗಳೂ ಇವೆ. ಚಕ್ರವರ್ತಿಯೂ ಮುನಿಯೂ ಅಲ್ಲಿ ಉಳಿಸಿಹೋದದ್ದು ಅಕ್ಷರವನ್ನು, ಹೆಜ್ಜೆಯನ್ನು.

ಹಾಗೆಂದು ಎಲ್ಲ ಹಳೆಯ ಕತ್ತಿಗಳನ್ನೂ ಕರಗಿಸಬೇಕೆಂದಲ್ಲ. ಕೊಡವ ಮನೆತನಗಳಲ್ಲಿ ತಲೆಮಾರಿನಿಂದ ಬಂದ ಪೀಚೆಕತ್ತಿ ಹಿರಿಯರ ನೆನಪು. ವಸ್ತುಸಂಗ್ರಹಾಲಯದ ಖಡ್ಗ ಸಮಾಜದ ಪಾಠ. ಅಲ್ಲಿ ಸ್ಮರಣೆಯಿದೆ, ಅರಿವಿದೆ. ಅಪರಿಚಿತರ ಸಾವಿನ ಕಥೆಗಳನ್ನು ಒಂದರ ಮೇಲೊಂದು ಕೊಳ್ಳುವ ಹಂಬಲ ಬೇರೆ. ಮನೆಯಲ್ಲಿ ಅಂಥ ಸಂಗ್ರಹವಿದ್ದರೆ ಶ್ರಾವಕನು ಮೊದಲು ಪರಿಗ್ರಹ ಪರಿಮಾಣ ಮಾಡಲಿ: ಇನ್ನೊಂದು ಬೇಡವೆಂದು ನಿಯಮ ತೊಡಲಿ. ಇರುವುದನ್ನು ಮತ್ತೊಬ್ಬ ಹಂಬಲಿಗನಿಗೆ ಮಾರದೆ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲಿ. ವಧೆಗೆ ಕಾರಣವಾಗುವ ಉಪಕರಣಗಳನ್ನು ಇತರರಿಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ.

ಕುಡುಗೋಲು ಸವೆದಷ್ಟೂ ಮನೆಗೆ ಅನ್ನ ಬರುತ್ತದೆ. ಒರೆಯೊಳಗಿನ ಕತ್ತಿ ಸವೆಯುವುದಿಲ್ಲ. ಅದನ್ನು ಕಾಯುವವನ ಆಯುಷ್ಯ ಸವೆಯುತ್ತದೆ.