ಚೀನೀ ಪೀಠೋಪಕರಣಗಳ ಜೀರ್ಣೋದ್ಧಾರ

ಹಳೆಯ ವಸ್ತುವನ್ನು ಹಾಳುಮಾಡುವುದಕ್ಕೆ ಎರಡು ದಾರಿಗಳಿವೆ. ಕೇಳುವವರಿಲ್ಲದಂತೆ ಮೂಲೆಗೆ ತಳ್ಳಿ ಹುಳುವಿನ ಬಾಯಿಗೆ ಬಿಡುವುದು ಒಂದು. ಅತಿಯಾಗಿ ಮೆಚ್ಚಿಕೊಂಡು ಅದನ್ನು ಹೊಸದನ್ನಾಗಿ ಮಾಡಿಬಿಡುವುದು ಇನ್ನೊಂದು. ಮೊದಲನೆಯದನ್ನು ಕಂಡರೆ ಎಲ್ಲರೂ ಮರುಗುತ್ತಾರೆ. ಎರಡನೆಯದಕ್ಕೆ ಜೀರ್ಣೋದ್ಧಾರವೆಂಬ ಒಳ್ಳೆಯ ಹೆಸರಿರುವುದರಿಂದ ಯಾರೂ ಮರುಗುವುದಿಲ್ಲ. ಚೀನಾದೇಶದ ಹಳೆಯ ಮರದ ಪೀಠೋಪಕರಣಗಳಿಗೆ ಕಳೆದ ಕೆಲವು ದಶಕಗಳಲ್ಲಿ ಒದಗಿದ ಗತಿಯನ್ನು ನೋಡಿದರೆ, ಈ ಎರಡನೆಯ ದಾರಿಯ ವಿಷಯದಲ್ಲಿ ನಾವು ಸ್ವಲ್ಪ ವಿಚಾರಮಾಡುವುದು ಅಗತ್ಯವೆಂದು ತೋರುತ್ತದೆ.

1966ರಿಂದ 1976ರ ವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ಹಳೆಯದೆಂಬ ಒಂದೇ ಅಪರಾಧಕ್ಕಾಗಿ ಚೀನಾದಲ್ಲಿ ಎಷ್ಟೋ ವಸ್ತುಗಳು ಮುರಿದು ಬೂದಿಯಾದುವು. ಆ ಗಂಡಾಂತರವನ್ನು ದಾಟಿ ಉಳಿದ ಕಪಾಟು, ಮೇಜು, ಪೆಟ್ಟಿಗೆಗಳು, 1980ರ ದಶಕದಿಂದೀಚೆಗೆ ಆ ದೇಶ ಹೊರಜಗತ್ತಿಗೆ ಬಾಗಿಲು ತೆರೆದಂತೆಲ್ಲ, ಶಾನ್‌ಶಿ ಮೊದಲಾದ ಉತ್ತರ ಪ್ರಾಂತಗಳ ಹಳ್ಳಿಮನೆಗಳಿಂದ ಹೊರಬಿದ್ದುವು. ವರ್ತಕರು ಅವನ್ನು ಕೊಂಡು, ರಿಪೇರಿ ಮಾಡಿಸಿ, ಯೂರೋಪು ಅಮೆರಿಕಗಳಿಗೆ ಹಡಗಿನಲ್ಲಿ ಸಾಗಿಸಿದರು. ಮದುವೆಯ ಬಟ್ಟೆಬರೆಗಳನ್ನು ಇಡುತ್ತಿದ್ದ ಕೆಂಪು ಕಪಾಟು ಟೆಲಿವಿಷನ್ನಿಗೆ ಗೂಡಾಯಿತು. ಮೇಜು ಎತ್ತರವಾಯಿತೆಂದು ಅದರ ಕಾಲುಗಳನ್ನು ಗರಗಸದಿಂದ ಕೊಯ್ದು ಸೋಫಾದ ಮುಂದೆ ಇರಿಸಿದ್ದಾಯಿತು. ಮಾಸಿದ ಬಣ್ಣವನ್ನು ಕ್ಷಾರದಿಂದ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಗಾಜಿನಂತೆ ಹೊಳೆಯುವ ಮೆರುಗೆಣ್ಣೆಯನ್ನು ಬಳಿದದ್ದಾಯಿತು. ಸಡಿಲಿದ ಕೀಲುಗಳಿಗೆ ತಿರುಪುಮೊಳೆ ಹೊಡೆದು, ಎಂದಿಗೂ ಬಿಡದ ಅಂಟನ್ನು ಸುರಿದದ್ದಾಯಿತು. ಕೊಂಡವರಿಗೆ ಸಂತೋಷ, ಮಾರಿದವರಿಗೆ ಲಾಭ. ಹಾಗಾದರೆ ನಷ್ಟವಾದುದು ಯಾರಿಗೆ?

ಇದಕ್ಕೆ ಉತ್ತರವನ್ನು ಆ ಮರದೊಳಗೇ ಹುಡುಕಬೇಕು.

ಚೀನೀ ಬಡಗಿಯ ಕಲೆ ಮಿಂಗ್ ರಾಜರ ಆಳಿಕೆಯ (1368–1644) ಕೊನೆಯ ನೂರು ವರ್ಷಗಳಲ್ಲಿ ಪರಾಕಾಷ್ಠೆಯನ್ನು ಮುಟ್ಟಿತೆಂದು ಬಲ್ಲವರು ಹೇಳುತ್ತಾರೆ. 1567ರಲ್ಲಿ ಕಡಲವ್ಯಾಪಾರದ ಮೇಲಿದ್ದ ನಿಷೇಧ ಸಡಿಲವಾಗಿ, ಆಗ್ನೇಯ ಏಷ್ಯದ ಗಟ್ಟಿಮರಗಳು ಹೇರಳವಾಗಿ ಬರತೊಡಗಿದುವು. ಗಟ್ಟಿಮರದಲ್ಲಿ ಸೂಕ್ಷ್ಮವಾದ ಕೀಲುಗಳನ್ನು ಕೊರೆಯಬಹುದು. ಕೊರೆದ ಅಂಚು ಮುರಿಯುವುದಿಲ್ಲ. ಒಂದು ತುಂಡಿನ ತುದಿಯಲ್ಲಿ ನಾಲಗೆಯಂತೆ ಚಾಚಿದ ಭಾಗ. ಇನ್ನೊಂದರಲ್ಲಿ ಅದಕ್ಕೆ ಒಪ್ಪುವ ಗುಳಿ. ಈ ಎರಡರ ಕೂಟದಿಂದಲೇ ಇಡೀ ಕುರ್ಚಿ ನಿಲ್ಲುತ್ತದೆ. ಕಬ್ಬಿಣದ ಮೊಳೆ ಬೇಕಿಲ್ಲ. ಮೇಜಿನ ಮೂಲೆಯೊಂದರಲ್ಲಿ ಮೂರು ದಿಕ್ಕುಗಳಿಂದ ಬರುವ ಮೂರು ತುಂಡುಗಳು ಒಂದರೊಳಗೊಂದು ಹೊಕ್ಕು, ಹೊರಗೆ ಮೂರು ಓರೆಗೆರೆಗಳಷ್ಟೇ ಕಾಣುವಂತೆ ಕೂಡುವುದುಂಟು. ಎಲೆಯಲ್ಲಿ ಸುತ್ತಿ ಬೇಯಿಸಿದ ಅನ್ನದ ಮುಮ್ಮೂಲೆ ಪೊಟ್ಟಣವೊಂದು ಚೀನೀಯರ ಹಬ್ಬದ ತಿನಿಸು. ಅದರ ಮೂಲೆಯ ಹೆಸರನ್ನೇ ಬಡಗಿಗಳು ಈ ಕೀಲಿಗೆ ಇಟ್ಟಿದ್ದಾರೆ. ಇನ್ನೊಂದು ಬಗೆಯ ಕಪಾಟಿನಲ್ಲಿ ಕಾಲುಗಳು ಕೆಳಗೆ ತುಸು ಹೊರಚಾಚಿ ಮೇಲೆ ಒಳಬಾಗಿರುತ್ತವೆ. ಬಾಗಿಲು ಮರದ ಗೂಟದ ಮೇಲೆಯೇ ತಿರುಗುತ್ತದೆ. ಈ ಓರೆಯ ಫಲವಾಗಿ, ತೆರೆದ ಬಾಗಿಲು ತನ್ನ ಭಾರದಿಂದ ತಾನೇ ಮುಚ್ಚಿಕೊಳ್ಳುತ್ತದೆ. ಗುರುತ್ವಾಕರ್ಷಣೆಯನ್ನು ಇಷ್ಟು ಸದ್ದಿಲ್ಲದೆ ದುಡಿಸಿಕೊಂಡ ಯಂತ್ರ ಅಪೂರ್ವವಲ್ಲವೆ?

ಆದರೆ ಬಡಗಿಯ ನಿಜವಾದ ಜಾಣತನ ಕಣ್ಣಿಗೆ ಬೀಳದ ಕಡೆಯಲ್ಲಿದೆ. ಮರ ಕಡಿದ ಮೇಲೂ ಗಾಳಿಯೊಡನೆ ಅದರ ವ್ಯವಹಾರ ನಿಲ್ಲುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರ ನೀರನ್ನು ಹೀರಿ ಉಬ್ಬುತ್ತದೆ. ಗಾಳಿ ಒಣಗಿದಾಗ ನೀರನ್ನು ಬಿಟ್ಟು ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದನ್ನು ಕಾಣದವರು ಯಾರಿದ್ದಾರೆ? ಈ ಉಬ್ಬು ಕುಗ್ಗು ಎಲ್ಲ ದಿಕ್ಕಿನಲ್ಲಿಯೂ ಸಮವಲ್ಲ. ಹಸಿಮರ ಪೂರ್ತಿ ಒಣಗುವಷ್ಟರಲ್ಲಿ, ಎಳೆಯ ಉದ್ದಕ್ಕೆ ಅದು ಕುಗ್ಗುವುದು ಶೇಕಡಾ 0.1ರಿಂದ 0.2ರಷ್ಟು ಮಾತ್ರ. ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 4ರಷ್ಟು. ಬೆಳವಣಿಗೆಯ ಬಳೆಗಳ ಗುಂಟ ಸುಮಾರು 8ರಷ್ಟು. ಮರದ ಜಾತಿಯಿಂದ ಜಾತಿಗೆ ಈ ಅಂಕಿಗಳು ವ್ಯತ್ಯಾಸವಾಗುತ್ತವೆಯಾದರೂ ಅವುಗಳ ತಾರತಮ್ಯ ಹೀಗೆಯೇ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 30 ಇದ್ದಾಗ ಮರದಲ್ಲಿ ಅದರ ಒಣತೂಕದ ಶೇಕಡಾ 6ರಷ್ಟು ನೀರಿರುತ್ತದೆ. ಆರ್ದ್ರತೆ 80ಕ್ಕೆ ಏರಿದರೆ ನೀರು 16ಕ್ಕೆ ಏರುತ್ತದೆ. ಮರದ ಕುಗ್ಗುವಿಕೆಯೆಲ್ಲ ನಡೆಯುವುದು ಸುಮಾರು 30ರ ತೇವದಿಂದ ಸೊನ್ನೆಯ ವರೆಗೆ. ಆದುದರಿಂದ 10ರ ವ್ಯತ್ಯಾಸಕ್ಕೆ ಮೇಲಿನ 8ರಲ್ಲಿ ಮೂರನೆಯ ಒಂದು ಭಾಗ ಸಲ್ಲುತ್ತದೆ. ಎಂದರೆ 60 ಸೆಂಟಿಮೀಟರ್ ಅಗಲದ ಹಲಗೆಯೊಂದು ಒಣಹವೆಗೂ ತೇವದ ಹವೆಗೂ ನಡುವೆ ಒಂದೂವರೆ ಸೆಂಟಿಮೀಟರಿನಷ್ಟು ಅಗಲವನ್ನು ಬದಲಿಸುತ್ತದೆ! ಅದನ್ನು ನಾಲ್ಕು ಕಡೆಯಿಂದ ಬಿಗಿದು ಹಿಡಿದರೆ ಹಲಗೆಯಾದರೂ ಸೀಳಬೇಕು, ಹಿಡಿದ ಚೌಕಟ್ಟಾದರೂ ಒಡೆಯಬೇಕು.

ಚೀನೀ ಬಡಗಿ ಇದನ್ನು ಅಂಕಿಗಳಲ್ಲಿ ಬಲ್ಲವನಲ್ಲ, ಅನುಭವದಲ್ಲಿ ಬಲ್ಲವನು. ಅವನು ಹಲಗೆಯ ಅಂಚನ್ನು ತೆಳ್ಳಗೆ ಕೆತ್ತಿ, ಚೌಕಟ್ಟಿನ ಒಳಮೈಯ ತೋಡಿನಲ್ಲಿ ಸುಮ್ಮನೆ ತೂರಿಸಿದನು. ಅಂಟು ಹಾಕಲಿಲ್ಲ. ಹಲಗೆ ಬಾಗದಿರಲೆಂದು ಅಡಿಯಲ್ಲಿ ಅಡ್ಡಪಟ್ಟಿಯೊಂದನ್ನು ಕೊಟ್ಟನು. ಅದನ್ನೂ ಜಾರುವಂತೆಯೇ ಕೂಡಿಸಿದನು. ಎಳೆಯುದ್ದಕ್ಕೆ ಹೆಚ್ಚುಕಡಿಮೆ ಅಲುಗದ ಚೌಕಟ್ಟು ತನ್ನ ಅಳತೆಯನ್ನು ಕಾಯುತ್ತದೆ. ಅದರ ಒಳಗೆ ಹಲಗೆ ಋತುಗಳಿಗೆ ತಕ್ಕಂತೆ ಅಗಲವಾಗಿ ಕಿರಿದಾಗಿ ಉಸಿರಾಡುತ್ತದೆ. ಬೀಜಿಂಗಿನ ಒಣ ಚಳಿಗಾಲವನ್ನೂ ಮಳೆಯ ಬೇಸಗೆಯನ್ನೂ ಈ ಮೇಜುಗಳು ಶತಮಾನಗಳ ಕಾಲ ಸಹಿಸಿದ್ದರ ಗುಟ್ಟು ಇದೇ.

ಈಗ ಜೀರ್ಣೋದ್ಧಾರಕನು ಬಂದು ಆ ತೋಡಿಗೆ ಎಪಾಕ್ಸಿ ಅಂಟನ್ನು ಸುರಿಯುತ್ತಾನೆ. ಹಲಗೆ ಅಲುಗುವುದು ಅವನ ಕಣ್ಣಿಗೆ ದೋಷವಾಗಿ ಕಂಡಿತು. ಅಂದಿನ ದಿನ ಮೇಜು ಬಂಡೆಯಂತೆ ಭದ್ರವಾಗಿಯೂ ಇರುತ್ತದೆ. ಆದರೆ ಅದು ಹೋಗಿ ಸೇರುವ ಮನೆ ಎಂಥದು? ಚಳಿಗಾಲವೆಲ್ಲ ಕಾಯಿಸಿದ ಗಾಳಿ, ಬೇಸಗೆಯೆಲ್ಲ ತಂಪುಮಾಡಿದ ಗಾಳಿ. ಕಾಯಿಸಿದ ಕೋಣೆಯಲ್ಲಿ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯುವುದು ಅಪರೂಪವಲ್ಲ. ಹಳ್ಳಿಮನೆಗಿಂತ ಇಂದಿನ ಮನೆಯಲ್ಲಿಯೇ ಆ ಹಲಗೆಗೆ ಅಲುಗುವ ಸ್ವಾತಂತ್ರ್ಯ ಹೆಚ್ಚಾಗಿ ಬೇಕಾಗಿತ್ತು. ಅಲ್ಲಿಗೆ ಕಳುಹಿಸುವ ಮುನ್ನವೇ ನಾವು ಅದರ ಕೈಕಾಲು ಕಟ್ಟಿದೆವು.

ಅಂಟೇ ಕೂಡದೆಂದು ನನ್ನ ವಾದವಲ್ಲ. ಹಿಂದಿನವರು ಪ್ರಾಣಿಗಳ ತೊಗಲಿನಿಂದ, ಮೀನಿನ ಗಾಳಿಚೀಲದಿಂದ ಕಾಯಿಸಿ ತೆಗೆದ ಸರೇಸನ್ನು ಅಲ್ಲಲ್ಲಿ ಬಳಸುತ್ತಿದ್ದರು. ಬಿಸಿ ಮತ್ತು ತೇವಗಳಿಂದ ಸರೇಸು ಮೆತ್ತಗಾಗುತ್ತದೆ. ಕೀಲು ಸಡಿಲಿದರೆ ಮುಂದಿನ ಬಡಗಿ ಅದನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಬಹುದು. ಎಪಾಕ್ಸಿಯಿಂದ ಹಿಡಿದ ಕೀಲನ್ನಾದರೋ ಮರವನ್ನು ಮುರಿಯದೆ ಬಿಚ್ಚುವುದು ಬಲುಕಷ್ಟ. ನಮ್ಮ ಕೆಲಸ ತಪ್ಪಾಗಿದ್ದರೆ ಅದನ್ನು ತಿದ್ದುವ ಅವಕಾಶ ಮುಂದಿನವನಿಗೆ ಇರಬೇಕೆಂಬುದೇ ಈ ವಿದ್ಯೆಯ ಮೊದಲ ಪಾಠ.

ಮೇಲಿನ ಲೇಪದ ಕಥೆಯೂ ಇಷ್ಟೇ ಸ್ವಾರಸ್ಯವಾದುದು. ಚೀನೀ ಅರಗಿನ ಕೆಲಸವೆಂದೊಡನೆ ನಮಗೆ ಚನ್ನಪಟ್ಟಣದ ಗೊಂಬೆಗಳು ನೆನಪಾಗುವುದು ಸಹಜ. ಆದರೆ ಎರಡೂ ಬೇರೆ ಬೇರೆ. ನಮ್ಮ ಅರಗು ಕೀಟದಿಂದ ಬರುವುದು. ಬಿಸಿಗೆ ಕರಗುತ್ತದೆ, ಮದ್ಯಸಾರದಲ್ಲಿ ಕದಡುತ್ತದೆ. ಚೀನೀ ಲೇಪವು ಒಂದು ಮರದ ಹಾಲು. ಆ ಮರ ಮಾವು ಗೇರುಗಳ ಕುಟುಂಬಕ್ಕೆ ಸೇರಿದ್ದು. ಗೇರುಬೀಜದ ಸಿಪ್ಪೆಯ ಎಣ್ಣೆಯಂತೆ ಅದರ ಹಾಲೂ ಚರ್ಮವನ್ನು ಸುಡುತ್ತದೆ. ಇದರ ವಿಚಿತ್ರವೆಂದರೆ, ಒಣಗಲು ಇದಕ್ಕೆ ತೇವ ಬೇಕು! ಹಾಲಿನಲ್ಲಿರುವ ಉರುಶಿಯಾಲ್ ಎಂಬ ದ್ರವ್ಯವನ್ನು ಅದರಲ್ಲಿಯೇ ಇರುವ ಲ್ಯಾಕೇಸ್ ಎಂಬ ಕಿಣ್ವವು ಗಾಳಿಯ ಆಮ್ಲಜನಕದೊಡನೆ ಸೇರಿಸುತ್ತದೆ. ಆಗ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ದೊಡ್ಡ ಬಲೆಯಾಗುತ್ತವೆ. ಕಿಣ್ವಕ್ಕೆ ಶೇಕಡಾ 70–80ರ ಆರ್ದ್ರತೆ ಹಿತ. ಹೀಗೆ ಗಟ್ಟಿಯಾದ ಲೇಪವು ನೀರಿಗಾಗಲಿ ಮದ್ಯಸಾರಕ್ಕಾಗಲಿ ಜಗ್ಗುವುದಿಲ್ಲ. ಬಿಸಿಲಿಗೆ ಮಾತ್ರ ಸೋಲುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಆ ಬಲೆಯನ್ನು ಕಡಿಯುತ್ತವೆ. ಕೆಂಪು ಕಪಾಟಿನ ಮಾಸಿದ ಮೈಯನ್ನು ಉಜ್ಜಿ ತೆಗೆದವನು ಕೊಳೆಯನ್ನು ತೆಗೆದೆನೆಂದುಕೊಂಡನು. ಅವನು ತೆಗೆದದ್ದು ಎಷ್ಟೋ ಪದರಗಳಲ್ಲಿ, ಒಂದೊಂದನ್ನೂ ತೇವದಲ್ಲಿ ಕಾಯ್ದು ಗಟ್ಟಿಮಾಡಿದ ಕೆಲಸವನ್ನು. ಬೆಲೆಗೆ ಸಿಗುವ ಮೆರುಗೆಣ್ಣೆ ಅದನ್ನು ಮರಳಿ ಕೊಡಲಾರದು.

ಇದನ್ನೆಲ್ಲ ಕೇಳಿದ ಮೇಲೆ ಕೆಲವರು ಹೇಳಬಹುದು: ಹಾಗಾದರೆ ಇವನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ದೂರದಿಂದ ನೋಡೋಣ. ನಾನು ಇದನ್ನು ಒಪ್ಪುವವನಲ್ಲ. ಕುರ್ಚಿ ಹುಟ್ಟಿದ್ದು ಕುಳಿತುಕೊಳ್ಳುವುದಕ್ಕೆ. ಎಲ್ಲ ಕಪಾಟುಗಳಿಗೂ ಸ್ಥಳಕೊಡುವ ವಸ್ತುಸಂಗ್ರಹಾಲಯ ಯಾವ ದೇಶದಲ್ಲಿಯೂ ಇಲ್ಲ. ಮನೆಯಲ್ಲಿ ಬಳಕೆಯಾಗುವ ವಸ್ತುವನ್ನು ಒರೆಸುವವರಿರುತ್ತಾರೆ, ಹುಳು ಬಿದ್ದರೆ ನೋಡುವವರಿರುತ್ತಾರೆ. ಇನ್ನು ಕೆಲವರು, ಹಣ ಕೊಟ್ಟವನು ತನಗೆ ಬೇಕಾದಂತೆ ಮಾಡಿಕೊಳ್ಳಲಿ, ಒಲೆಗೆ ಹೋಗುವುದಕ್ಕಿಂತ ಟೆಲಿವಿಷನ್ನಿನ ಗೂಡಾಗುವುದು ಲೇಸಲ್ಲವೆ, ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಒಲೆಗಿಂತ ಲೇಸು, ನಿಜ. ಆದರೆ ಗೂಡಾಗಲು ಬೆನ್ನಹಲಗೆಯನ್ನು ಕೊರೆಯಲೇಬೇಕೆಂದು ಯಾರು ಹೇಳಿದರು? ಸಡಿಲವಾಗಿ ತೂರಿಸಿದ ಹಲಗೆಯನ್ನು ಬಿಚ್ಚಿ ಜೋಪಾನವಾಗಿ ಇಟ್ಟು, ಅದರ ಜಾಗದಲ್ಲಿ ತಂತಿಗೆ ತೂತುಳ್ಳ ಹೊಸ ಹಲಗೆಯೊಂದನ್ನು ಕೂಡಿಸಬಹುದು. ಮೇಜು ಎತ್ತರವಾದರೆ ಕಾಲನ್ನು ಕೊಯ್ಯುವ ಬದಲು ಅದಕ್ಕೊಪ್ಪುವ ಬೇರೊಂದು ಕೋಣೆಯನ್ನು ಹುಡುಕಬಹುದು. ಸೇರಿಸಿದ್ದನ್ನು ತೆಗೆಯಬಹುದು, ಕೊಯ್ದದ್ದನ್ನು ಸೇರಿಸಲಾಗದು.

ಬಿಚ್ಚಬಲ್ಲ ಗುಣದಿಂದ ಏನು ಲಾಭವೆಂಬುದಕ್ಕೆ ಇತಿಹಾಸದಲ್ಲಿಯೇ ಸಾಕ್ಷಿಯಿದೆ. ಜರ್ಮನಿಯ ಗುಸ್ತಾವ್ ಎಕೆ ಎಂಬ ವಿದ್ವಾಂಸರು 1944ರಲ್ಲಿ, ಯುದ್ಧದ ನಡುವೆಯೇ, ಚೀನೀ ಮನೆಯ ಪೀಠೋಪಕರಣಗಳನ್ನು ಕುರಿತು ಒಂದು ಗ್ರಂಥವನ್ನು ಪೀಕಿಂಗಿನಲ್ಲಿ ಅಚ್ಚುಹಾಕಿಸಿದರು. ತೆಗೆದದ್ದು 200 ಪ್ರತಿಗಳು. ಕೀಲುಗಳ ಒಳರಚನೆಯನ್ನು ತೋರಿಸುವ ಅಳತೆಯ ನಕ್ಷೆಗಳು ಅದರಲ್ಲಿವೆ. ಅನಂತರ ವಾಂಗ್ ಶಿಶಿಯಾಂಗ್ (1914–2009) ಎಂಬವರು ದಶಕಗಳ ಕಾಲ ಇಂಥ ವಸ್ತುಗಳನ್ನು ಸಂಗ್ರಹಿಸಿ, ಅವುಗಳ ನಡುವೆಯೇ ಬಾಳಿ, 1985ರಲ್ಲಿ ಪ್ರಸಿದ್ಧವಾದ ಗ್ರಂಥವನ್ನು ಹೊರತಂದರು. ಅವರ ಸಂಗ್ರಹದ 79 ವಸ್ತುಗಳು 1993ರಲ್ಲಿ ಶಾಂಘೈ ವಸ್ತುಸಂಗ್ರಹಾಲಯವನ್ನು ಸೇರಿದುವು. ಹಳೆಯ ಬಡಗಿಗಳು ಬರೆದಿಟ್ಟದ್ದು ಕಡಿಮೆ. ಅವರ ವಿದ್ಯೆಯ ಬಹುಪಾಲು ಈ ಕೀಲುಗಳ ಒಳಗೇ ಇದೆ. ಅಂಟಿನಲ್ಲಿ ಮುಳುಗಿದ ಕೀಲಿನಿಂದ ಯಾರು ಏನನ್ನು ಕಲಿಯಬಲ್ಲರು?

ಮರದ ದೃಷ್ಟಿಯಿಂದಲೂ ಒಂದು ಮಾತಿದೆ. ಚೀನೀಯರು ಜಿತಾನ್ ಎಂದು ಕರೆದು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸಿದ ಮರ ಬೇರೆ ಯಾವುದೂ ಅಲ್ಲ, ನಮ್ಮ ನೆರೆಯ ಆಂಧ್ರದ ದಕ್ಷಿಣದ ಬೆಟ್ಟಗಳಲ್ಲಿ ಬೆಳೆಯುವ ರಕ್ತಚಂದನವೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಹತೋಟಿಗೆ ಒಳಪಟ್ಟಿದೆ. ಬೀಟೆಯ ಕುಲಕ್ಕೆ ಸೇರಿದ ಮರಗಳೆಲ್ಲವೂ 2017ರಲ್ಲಿ ಹತೋಟಿಗೆ ಬಂದುವು. ಶೇಷಾಚಲದ ಕಾಡುಗಳಲ್ಲಿ ರಕ್ತಚಂದನದ ಕಳ್ಳಸಾಗಣೆಯ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹಳೆಯ ಕುರ್ಚಿಯ ಒಂದು ಕಾಲನ್ನು ಹಾಳುಮಾಡಿದರೆ ಅದರ ಜಾಗಕ್ಕೆ ತರುವ ಮರ ಎಲ್ಲಿಂದಲೋ ಬರಲೇಬೇಕು: ಇನ್ನೊಂದು ಹಳೆಯ ಕುರ್ಚಿಯನ್ನು ಮುರಿದಾದರೂ ಸರಿ, ಬೆಟ್ಟದಲ್ಲಿ ನಿಂತ ಮರವನ್ನು ಕಡಿದಾದರೂ ಸರಿ. ಎಚ್ಚರದ ರಿಪೇರಿ ಕಾಡಿಗೂ ಉಪಕಾರವೇ.

ಹಾಗಾದರೆ ನಮ್ಮ ನಡತೆ ಹೇಗಿರಬೇಕು? ಕೆಲಸಕ್ಕೆ ಮುಂಚೆ ಛಾಯಾಚಿತ್ರ ತೆಗೆದು, ಮಾಡಿದ್ದನ್ನೆಲ್ಲ ಬರೆದಿಡಬೇಕು. ಕೊಳೆಯನ್ನು ತೆಗೆಯಬೇಕು, ವಯಸ್ಸನ್ನು ತೆಗೆಯಕೂಡದು. ಹುಳು ಹಿಡಿದ ಮರವನ್ನು ವಿಷದಲ್ಲಿ ಅದ್ದುವುದಕ್ಕಿಂತ, ಗಾಳಿಯಾಡದಂತೆ ಸುತ್ತಿ ಕಡುಶೀತದಲ್ಲಿಟ್ಟು ಹುಳುವನ್ನು ಕೊಲ್ಲುವ ಉಪಾಯವಿದೆ. ಕಳೆದುಹೋದ ಕೆತ್ತನೆ ಹೇಗಿತ್ತೆಂದು ತಿಳಿಯದಿದ್ದರೆ ಊಹಿಸಿ ಕೆತ್ತಬಾರದು. ಊಹೆ ಆರಂಭವಾದಲ್ಲಿ ಕೈ ನಿಲ್ಲಬೇಕೆಂಬ ತತ್ತ್ವವನ್ನು ಸ್ಮಾರಕಗಳ ವಿಷಯದಲ್ಲಿ 1964ರ ವೆನಿಸ್ ಸನ್ನದು ಒಪ್ಪಿಕೊಂಡಿದೆ. ಅದು ಕಟ್ಟಡಕ್ಕೆ ಸಲ್ಲುವುದಾದರೆ ಕಪಾಟಿಗೇಕೆ ಸಲ್ಲಬಾರದು? ಮನೆಗೆ ತಂದ ಮೇಲೆ ಬಿಸಿಲು ಬೀಳುವ ಕಿಟಕಿಯಿಂದಲೂ, ಬಿಸಿಗಾಳಿ ತಂಪುಗಾಳಿ ಬರುವ ಕಿಂಡಿಯಿಂದಲೂ ಅದನ್ನು ದೂರವಿಡಬೇಕು. ಇಷ್ಟು ಮಾಡಲು ಹೆಚ್ಚಿನ ಹಣ ಬೇಡ; ಸ್ವಲ್ಪ ತಾಳ್ಮೆ ಬೇಕು.

ವಿದ್ಯಾರ್ಥಿಗಳು ನಾಳೆ ಹಳೆಯ ವಸ್ತುಗಳ ಒಡೆಯರಾಗುವವರು. ಅದು ಚೀನೀ ಕಪಾಟೇ ಆಗಬೇಕೆಂದಿಲ್ಲ. ಅಜ್ಜನ ಪೆಟ್ಟಿಗೆಯೂ ಆಗಬಹುದು. ಅದರ ಮೇಲೆ ಕೈಯಿಡುವ ಮೊದಲು, ಇದು ಹೀಗೇಕಿದೆ ಎಂದು ಒಮ್ಮೆ ಕೇಳಿರಿ. ಸಡಿಲವೆಂದು ನಿಮಗೆ ತೋರಿದ ಹಲಗೆಯನ್ನು ಸಡಿಲವಾಗಿಯೇ ಇರಲೆಂದು ಯಾರೋ ಬುದ್ಧಿವಂತನು ಬಿಟ್ಟಿರಬಹುದು.